ಬರಿಯ ಬೆರಳು, ಬರಿಯ ಕೊರಳು

ಮನೆಯಲ್ಲಿ ಒಂದು ಒಡವೆ ಕಾಣದಾದ ದಿನವನ್ನು ನಾವೆಲ್ಲರೂ ಬಲ್ಲೆವು. ಕೈ ತಾನಾಗಿಯೇ ಕಿವಿಗೋ ಕೊರಳಿಗೋ ಹೋಗುತ್ತದೆ. ಅಲ್ಲಿ ಇರಬೇಕಾದುದು ಇರುವುದಿಲ್ಲ. ಹಾಸಿಗೆ ಕೊಡವುತ್ತಾರೆ, ಅಕ್ಕಿಯ ಡಬ್ಬ ಬಗೆಯುತ್ತಾರೆ, ಬಚ್ಚಲ ತೂಬಿಗೆ ಕೈ ಹಾಕುತ್ತಾರೆ. ಒಮ್ಮೆ ನೋಡಿದ ಗೂಡನ್ನೇ ಮೂರು ಸಲ ನೋಡುತ್ತಾರೆ. ಚಿನ್ನದ ತೂಕ ಅರ್ಧ ತೊಲೆಯಿರಬಹುದು. ಆ ಗಳಿಗೆಯ ಭಯ ಮಾತ್ರ ತೊಲೆಯ ಲೆಕ್ಕಕ್ಕೆ ಸಿಕ್ಕುವಂಥದಲ್ಲ. ಕೊಟ್ಟವರಿಗೆ ಏನೆಂದು ಹೇಳುವುದು ಎಂಬುದೇ ಅದರ ತಿರುಳು.

ಈ ಗಳಿಗೆಯನ್ನೇ ನಡುವೆ ಇಟ್ಟುಕೊಂಡ ಎರಡು ಕೃತಿಗಳು ನಮ್ಮ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಪರಿಚಿತವಾಗಿವೆ. ಒಂದು, ಕಾಳಿದಾಸನ 'ಅಭಿಜ್ಞಾನ ಶಾಕುಂತಲ'. ಇದನ್ನು 19ನೆಯ ಶತಮಾನದಲ್ಲಿಯೇ ಚುರಮುರಿ ಶೇಷಗಿರಿರಾಯರೂ ಮೈಸೂರಿನ ಬಸವಪ್ಪ ಶಾಸ್ತ್ರಿಗಳೂ ಕನ್ನಡಕ್ಕೆ ತಂದರು. ಮತ್ತೊಂದು, ಫ್ರೆಂಚ್ ಲೇಖಕ ಮೊಪಾಸಾನು 1884ರಲ್ಲಿ ಪ್ರಕಟಿಸಿದ, ಹಲವರು ಇಂಗ್ಲಿಷ್ ಪಾಠವಾಗಿ ಓದಿರುವ ಕಂಠಹಾರದ ಕಥೆ. ತರಗತಿಯಲ್ಲಿ ಇವೆರಡಕ್ಕೂ ಸಿದ್ಧವಾದ ನೀತಿಯೊಂದಿದೆ: ಶಕುಂತಲೆ ಅತಿಥಿಸತ್ಕಾರವನ್ನು ಮರೆತಳು, ಮಥಿಲ್ಡೆ ಆಡಂಬರಕ್ಕೆ ಮರುಳಾದಳು, ತಕ್ಕ ಶಿಕ್ಷೆಯಾಯಿತು. ಈ ನೀತಿ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಕೃತಿಗಳ ಮರ್ಮ ಇದರಾಚೆಗಿದೆ ಎಂಬುದು ನಮ್ಮ ಅಭಿಪ್ರಾಯ.

ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ಉಂಗುರವೇ ಇಲ್ಲ. ಅಲ್ಲಿ ಶಕುಂತಲೆ ತನ್ನ ಮಾತಿನ ಬಲದಿಂದಲೇ ವಾದಿಸುತ್ತಾಳೆ. ಕೊನೆಗೆ ಅಶರೀರವಾಣಿ ಸಾಕ್ಷಿ ನುಡಿಯುತ್ತದೆ. ಕಾಳಿದಾಸನು ಆ ಸಾಕ್ಷ್ಯವನ್ನು ಒಂದು ಉಂಗುರಕ್ಕೆ ವಹಿಸಿಕೊಟ್ಟನು. ದೂರ್ವಾಸನ ಶಾಪ, ಗುರುತಿನ ಆಭರಣವನ್ನು ಕಂಡರೆ ಶಾಪವಿಮೋಚನೆ ಎಂಬ ರಿಯಾಯಿತಿ, ಎರಡೂ ನಾಲ್ಕನೆಯ ಅಂಕದಲ್ಲಿ ಸಖಿಯರಿಗೆ ತಿಳಿಯುತ್ತವೆ. ಶಕುಂತಲೆ ಕೋಮಲೆಯೆಂದು ಅವರು ಅವಳಿಗೆ ಹೇಳುವುದಿಲ್ಲ. ಬೀಳ್ಕೊಡುವಾಗ ಮಾತ್ರ, ಅರಸನು ಗುರುತಿಸಲು ತಡಮಾಡಿದರೆ ಉಂಗುರ ತೋರಿಸು ಎನ್ನುತ್ತಾರೆ. ಆ ಮಾತಿಗೇ ಅವಳು ನಡುಗುತ್ತಾಳೆ. ಅತಿಸ್ನೇಹ ಕೇಡನ್ನು ಶಂಕಿಸುವುದು ಸಹಜವೆಂದು ಅವರು ಮಾತು ತೇಲಿಸಿಬಿಡುತ್ತಾರೆ. ಹೀಗೆ, ತನ್ನ ಬಾಳೆಲ್ಲ ಆತುಕೊಂಡಿರುವ ಒಡವೆಯನ್ನು ಅದರ ಬೆಲೆಯನ್ನರಿಯದೆಯೇ ತೊಟ್ಟು ಅವಳು ಹೊರಡುತ್ತಾಳೆ. ಶಚೀತೀರ್ಥದಲ್ಲಿ ಅದು ಜಾರಿದ್ದು ಅವಳಿಗೆ ಅರಿವಾಗದೆ ಹೋದುದರಲ್ಲಿ ಆಶ್ಚರ್ಯವೇನು?

ಐದನೆಯ ಅಂಕದಲ್ಲಿ ಕವಿ ಹುಡುಕಾಟವನ್ನು ವರ್ಣಿಸುವುದಿಲ್ಲ. ತುಂಬಿದ ಸಭೆಯಲ್ಲಿ ಅವಳು ಉಂಗುರದ ಜಾಗವನ್ನು ಮುಟ್ಟಿ ನೋಡುತ್ತಾಳೆ, ಬೆರಳು ಬರಿದು. ಗೌತಮಿಯ ಮುಖ ನೋಡುತ್ತಾಳೆ. ಅರಸನು ಹೆಂಗಸರ ಸಮಯಸ್ಫೂರ್ತಿಯೆಂದು ಹಾಸ್ಯ ಮಾಡುತ್ತಾನೆ. ಅವಳು ಅರಸನ ಕೈಯಿಂದ ನೀರು ಕುಡಿಯಲೊಲ್ಲದ ಜಿಂಕೆಯ ಮರಿಯ ನೆನಪನ್ನು ತೆಗೆದರೆ ಅದನ್ನೂ ನಂಬುವವರಿಲ್ಲ. ಉಂಗುರ ಹೋದೊಡನೆ ನುಡಿಯೂ ಬೆಲೆಗೆಟ್ಟಿತು.

ಮೊಪಾಸಾನ ದಾರಿ ಬೇರೆ. ಗುಮಾಸ್ತನ ಹೆಂಡತಿ ಗೆಳತಿಯ ಹಾರವನ್ನು ಎರವಲು ಪಡೆದು ನೃತ್ಯಕೂಟಕ್ಕೆ ಹೋಗುತ್ತಾಳೆ. ನಸುಕಿನಲ್ಲಿ ಮನೆಗೆ ಬಂದು ಕನ್ನಡಿಯ ಮುಂದೆ ನಿಂತಾಗ ಕೊರಳು ಬರಿದು. ಇಲ್ಲಿ ಹುಡುಕಾಟವೇ ಕಥೆ: ಉಡುಪಿನ ಮಡಿಕೆಗಳು, ಜೇಬುಗಳು, ಗಂಡ ಮತ್ತೆ ಕಾಲ್ನಡಿಗೆಯಲ್ಲಿ ಅಲೆದ ಬೀದಿಗಳು, ಪೋಲೀಸು, ಪತ್ರಿಕೆ, ಬಾಡಿಗೆ ಗಾಡಿಗಳ ಕಚೇರಿ. ಕೊನೆಗೆ ಗೆಳತಿಗೆ, ಹಾರದ ಕೊಂಡಿ ಮುರಿದಿದೆ, ದುರಸ್ತಿಗೆ ಕೊಟ್ಟಿದ್ದೇವೆ ಎಂದು ಕಾಗದ. 36,000 ಫ್ರಾಂಕಿಗೆ ಅಂಥದೇ ಹಾರ ಕೊಂಡು ಕೊಡುತ್ತಾರೆ. ಸಾಲ ತೀರಲು ಹತ್ತು ವರ್ಷ. ಆಮೇಲೆ ತಿಳಿಯುತ್ತದೆ, ಕಳೆದುದು ಹೆಚ್ಚೆಂದರೆ 500 ಫ್ರಾಂಕಿನ ನಕಲಿ ಹಾರ.

ಒಂದು ಕಡೆ ನಿಜವಾದ ಒಡವೆ, ಬೆಲೆ ತಿಳಿದಿರಲಿಲ್ಲ. ಇನ್ನೊಂದು ಕಡೆ ಹುಸಿ ಒಡವೆ, ಇಲ್ಲದ ಬೆಲೆಯನ್ನು ನಂಬಿದ್ದರು. ಎರಡರಲ್ಲಿಯೂ ಬಾಳನ್ನು ಕೆಡಿಸಿದ್ದು ಒಡವೆಯ ನಷ್ಟವೊಂದೇ ಅಲ್ಲ, ಆಡದೆ ಉಳಿದ ಒಂದು ಮಾತು. ಸಖಿಯರು ಪ್ರೀತಿಯಿಂದ ಮೌನವಾದರು. ದಂಪತಿಗಳು, ಕಳ್ಳಿಯೆಂದುಕೊಂಡಾಳು ಎಂಬ ಭಯದಿಂದ. ಶಾಪದ ವಿಷಯ ತಿಳಿದಿದ್ದರೆ ಶಕುಂತಲೆ ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ನಡೆಯುತ್ತಿದ್ದಳು. ಕಳೆದೆವೆಂದು ಒಪ್ಪಿಕೊಂಡಿದ್ದರೆ ಮಥಿಲ್ಡೆಯ ಋಣ 500 ಫ್ರಾಂಕಿನೊಳಗೆ ತೀರುತ್ತಿತ್ತು. ಬೇಡವೆನ್ನಲಾಗದ ಆಕ್ಷೇಪವೊಂದಿದೆ: ಮಾತಾಡಿಬಿಟ್ಟಿದ್ದರೆ ನಾಟಕವೂ ಇಲ್ಲ, ಕಥೆಯೂ ಇಲ್ಲ. ನಿಜ, ಆದರೆ ಆ ಮೌನ ಎಷ್ಟು ಸಹಜವಾಗಿ ಬಂದಿದೆಯೆಂಬುದರಲ್ಲಿಯೇ ಇಬ್ಬರ ಕೌಶಲವೂ ಇದೆ.

ಇಬ್ಬರಲ್ಲಿ ಹೆಚ್ಚಿನವರಾರು? ಮೊಪಾಸಾನು ಕೊನೆಯ ಸಾಲಿನಲ್ಲಿ ಗುಟ್ಟನ್ನು ಒಡೆದು ನಿಲ್ಲುತ್ತಾನೆ. ಮಥಿಲ್ಡೆಯ ಉತ್ತರವನ್ನು ನಾವು ಕೇಳುವುದಿಲ್ಲ. ಕಾಳಿದಾಸನು ಕಳೆದುದನ್ನು ಮೀನಿನ ಹೊಟ್ಟೆಯಿಂದ ಮರಳಿ ತಂದಮೇಲೂ ಒಂದು ಹೆಜ್ಜೆ ಮುಂದಿಡುತ್ತಾನೆ. ಏಳನೆಯ ಅಂಕದಲ್ಲಿ ಅರಸನು ಉಂಗುರವನ್ನು ನೀಡಿದಾಗ ಶಕುಂತಲೆ ತೆಗೆದುಕೊಳ್ಳುವುದಿಲ್ಲ. ತನಗೆ ಅದರಲ್ಲಿ ನಂಬಿಕೆಯಿಲ್ಲ, ನೀವೇ ಧರಿಸಿ ಎನ್ನುತ್ತಾಳೆ. ಒಡವೆ ಸಿಕ್ಕಿದರೂ ಆ ದಿನದ ನಡುಕ ಹೋಗಿಲ್ಲವೆಂದು ಇಷ್ಟು ಮೃದುವಾಗಿ ಹೇಳಿದ ಮಾತು ನಮಗೆ ಬೇರೆಡೆ ದೊರೆತಿಲ್ಲ. ಈ ಕಾರಣಕ್ಕೆ ನಾವು ಕಾಳಿದಾಸನಿಗೆ ಹೆಚ್ಚು ಮಣಿಯುತ್ತೇವೆ.

ಉಪಾಧ್ಯಾಯ ಮಿತ್ರರಲ್ಲಿ ಒಂದು ಬಿನ್ನಹ. ಕಿವಿಯ ಓಲೆಯನ್ನು ದಾರಿಯಲ್ಲೆಲ್ಲೋ ಬೀಳಿಸಿಕೊಂಡು, ಸಂಜೆಯವರೆಗೆ ಆ ಕಿವಿಯ ಮೇಲೆ ಕೂದಲನ್ನು ಎಳೆದುಕೊಂಡು ಕೂರುವ ಮಗು ನಮ್ಮ ತರಗತಿಗಳಲ್ಲಿಯೂ ಇದೆ. ಮನೆಗೆ ಹೋಗಲು ಅದಕ್ಕೆ ಕಾಲೇಳದು. ಅಂಥ ಮಗುವಿನ ಮುಂದೆ ಈ ಕಥೆಗಳನ್ನು ಅಜಾಗರೂಕತೆಯ ಶಿಕ್ಷೆಯೆಂದು ಬೋಧಿಸಿದರೆ ಅದು ಮತ್ತಷ್ಟು ಬಾಯಿ ಕಟ್ಟಿಕೊಂಡೀತು. ಕಳೆದೆನೆಂದು ಅಂದೇ ಹೇಳುವ ಧೈರ್ಯ ಅದಕ್ಕೆ ಬರುವಂತೆ ಪಾಠ ಹೇಳೋಣ. ಆ ಮಾತನ್ನು ಬೈಯದೆ ಕೇಳುವ ತಾಳ್ಮೆಯನ್ನು ಮೊದಲು ನಾವು ಕಲಿಯೋಣ.