ಸತ್ತವರು ಎದ್ದ ಊರು: ರೊಮೆರೊ ಪರಂಪರೆಯ ಬಲ ಮತ್ತು ಮಿತಿ

ಪ್ರಳಯದ ಸಿನಿಮಾಗಳು ಸಾಮಾನ್ಯವಾಗಿ ಜಗತ್ತಿಗೆಲ್ಲ ಗೊತ್ತಿರುವ ಕಟ್ಟಡಗಳನ್ನು ಉರುಳಿಸಿ ಪ್ರೇಕ್ಷಕರನ್ನು ಹೆದರಿಸುತ್ತವೆ. ಆದರೆ ನಿರ್ದೇಶಕ ಜಾರ್ಜ್ ಎ. ರೊಮೆರೊ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ತೆಗೆದಾಗ ಅವರ ಕೈಯಲ್ಲಿದ್ದದ್ದು ಸುಮಾರು 1,14,000 ಡಾಲರ್, ಕಪ್ಪು-ಬಿಳುಪು ಫಿಲಂ, ಪೆನ್ಸಿಲ್ವೇನಿಯಾದ ಇವಾನ್ಸ್ ಸಿಟಿ ಎಂಬ ಸಣ್ಣ ಊರಿನ ಸ್ಮಶಾನ ಮತ್ತು ಇನ್ನೇನು ಕೆಡವಲಿದ್ದ ಒಂದು ತೋಟದ ಮನೆ. ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನುವ ಚಿತ್ರಗಳ ಇಡೀ ಪರಂಪರೆ ಅಲ್ಲಿಂದ ಹುಟ್ಟಿತು. ಅದರ ಬಗ್ಗೆ ಚರ್ಚೆ ನಡೆದಾಗ ಮಾತು ಬೇಗ ಹೆಣಗಳ ಕಡೆಗೆ ತಿರುಗುತ್ತದೆ: ಅವು ತೂರಾಡುತ್ತ ನಡೆಯಬೇಕೇ, ಓಡಬಹುದೇ, ರಕ್ತ ಎಷ್ಟಿರಬೇಕು. ನನ್ನ ದೃಷ್ಟಿಯಲ್ಲಿ ಈ ಪರಂಪರೆಯ ಸತ್ವವಿರುವುದು ಊರಿನಲ್ಲಿ. ಒಂದು ನಿರ್ದಿಷ್ಟ ಊರಿನ ಪೊಲೀಸರು, ಟಿವಿ ಸ್ಟೇಷನ್, ಅಂಗಡಿ, ನೆರೆಹೊರೆ ಒಂದೊಂದಾಗಿ ಕೈಕೊಡುವುದನ್ನು ತೋರಿಸಿದಾಗಲೆಲ್ಲ ಈ ಚಿತ್ರಗಳು ಗೆದ್ದಿವೆ. ಊರನ್ನು ಬಿಟ್ಟು ಹೆಣಗಳನ್ನಷ್ಟೇ ಹೊತ್ತುಕೊಂಡು ಹೋದಾಗ ಸಪ್ಪೆಯಾಗಿವೆ.

ಇದಕ್ಕೆ ಮೊದಲ ಸಾಕ್ಷಿ ಚಿತ್ರ ತಯಾರಾದ ಬಗೆಯಲ್ಲೇ ಸಿಗುತ್ತದೆ. ರೊಮೆರೊ ಮತ್ತು ಗೆಳೆಯರು ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರಗಳನ್ನು ಮಾಡಿಕೊಂಡಿದ್ದವರು. ಹತ್ತು ಜನ ಸೇರಿ ತಲಾ 600 ಡಾಲರ್ ಹಾಕಿ ಕೆಲಸ ಶುರುಮಾಡಿದರು. ಹಣ ಹಾಕಿದವರಲ್ಲಿ ಮಾಂಸದ ವ್ಯಾಪಾರಿಯೂ ಇದ್ದುದರಿಂದ ತೆರೆಯ ಮೇಲಿನ ಕರುಳು-ಮಾಂಸ ಅವನ ಅಂಗಡಿಯಿಂದಲೇ ಬಂತು. ಕಪ್ಪು-ಬಿಳುಪಿನಲ್ಲಿ ಚಾಕೊಲೇಟ್ ಸಿರಪ್ಪೇ ರಕ್ತವಾಯಿತು. ಕೊನೆಯಲ್ಲಿ ಬಂದೂಕು ಹಿಡಿದು ಬಯಲಲ್ಲಿ ಸಾಗಿಬರುವ ಗುಂಪಿನಲ್ಲಿ ಅಲ್ಲಿನ ನಿವಾಸಿಗಳೇ ತುಂಬಿದ್ದರು. ಅಲ್ಲಿಗೆ ಬರುವ ಟಿವಿ ವರದಿಗಾರ ಬಿಲ್ ಕಾರ್ಡಿಲ್, ನಿಜಜೀವನದಲ್ಲಿ ಪಿಟ್ಸ್‌ಬರ್ಗ್‌ನ ಚಾನೆಲ್ 11ರಲ್ಲಿ ‘ಚಿಲ್ಲರ್ ಥಿಯೇಟರ್’ ಎಂಬ ಭಯಾನಕ ಚಿತ್ರಗಳ ಕಾರ್ಯಕ್ರಮ ನಡೆಸಿಕೊಡುತ್ತಿದ್ದವರು. 1968ರ ಅಕ್ಟೋಬರ್ 1ರಂದು ಅಲ್ಲಿನ ಫುಲ್ಟನ್ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ ನೋಡಿದವರಿಗೆ, ಮನೆಯ ಟಿವಿಯಲ್ಲಿ ಬಳಕೆಯಾಗಿದ್ದ ಮುಖವೇ ಹೆಣಗಳ ಸುದ್ದಿ ಹೇಳುತ್ತಿತ್ತು. ಹಾಲಿವುಡ್ಡಿನ ಯಾವ ತಾರೆ ಬಂದಿದ್ದರೂ ಆ ನಂಬಿಕೆ ಹುಟ್ಟುತ್ತಿರಲಿಲ್ಲ.

ಈ ಪರಿಚಿತತೆಯನ್ನು ರೊಮೆರೊ ಎಲ್ಲಿಗೆ ಒಯ್ಯುತ್ತಾರೆ ಎಂಬುದು ಮನೆಯೊಳಗಿನ ಪ್ರಸಂಗಗಳಲ್ಲಿ ತಿಳಿಯುತ್ತದೆ. ಏಳು ಜನ ಸಿಕ್ಕಿಬಿದ್ದಿದ್ದಾರೆ. ಮನೆ ಬಿಟ್ಟು ಹೊರಬರಬೇಡಿ ಎಂದು ರೇಡಿಯೊ ಹೇಳುತ್ತದೆ. ಆಮೇಲೆ ಟಿವಿ ಆ ಸಲಹೆಯನ್ನು ಬದಲಿಸಿ ರಕ್ಷಣಾ ಕೇಂದ್ರಗಳಿಗೆ ಹೋಗಿ ಎನ್ನುತ್ತದೆ. ಕೇಂದ್ರಗಳ ಹೆಸರುಗಳು ತೆರೆಯ ಮೇಲೆ ಮೂಡುತ್ತವೆ. ಆ ಮಾತನ್ನು ನೆಚ್ಚಿ ಟ್ರಕ್ಕಿಗೆ ಪೆಟ್ರೋಲ್ ತುಂಬಿಸಲು ಹೊರಟ ಯುವ ಜೋಡಿ ಬೆಂಕಿಗೆ ಸಿಕ್ಕಿ ಸಾಯುತ್ತದೆ. ಒಳಗೆ ಬೆನ್ ಮತ್ತು ಹ್ಯಾರಿ ಕೂಪರ್ ನಡುವೆ, ನೆಲಮಾಳಿಗೆಗೆ ಇಳಿಯಬೇಕೋ ಮೇಲೆಯೇ ನಿಂತು ಹೋರಾಡಬೇಕೋ ಎಂಬ ಜಗಳ. ಚಿತ್ರದ ಒಲವೆಲ್ಲ ಬೆನ್ ಕಡೆಗೆ. ಹ್ಯಾರಿ ಸಿಡುಕ, ತನ್ನ ಜೀವದ ಚಿಂತೆಯವನು. ಆದರೆ ಬಾಗಿಲು-ಕಿಟಕಿ ಮುರಿದ ಮೇಲೆ ಬೆನ್ ಬದುಕಿ ಉಳಿಯುವುದು ಹ್ಯಾರಿ ಹೇಳಿದ್ದ ಅದೇ ನೆಲಮಾಳಿಗೆಯಲ್ಲಿ! ಪ್ರೇಕ್ಷಕ ಇಷ್ಟಪಟ್ಟವನ ಲೆಕ್ಕ ತಪ್ಪಿತ್ತು, ದ್ವೇಷಿಸಿದವನ ಲೆಕ್ಕ ಸರಿಯಿತ್ತು; ಇಬ್ಬರೂ ಒಬ್ಬರ ಮಾತನ್ನೊಬ್ಬರು ಕೇಳಲಿಲ್ಲ. ಬೆಳಗಾದ ಮೇಲೆ ಬೆನ್ ಕಿಟಕಿಯ ಬಳಿ ಬಂದಾಗ ಕಾಪಾಡಲು ಬಂದ ಊರವರ ಗುಂಡೇ ಅವನನ್ನು ಕೊಲ್ಲುತ್ತದೆ. ಅವನ ದೇಹಕ್ಕೆ ಕೊಕ್ಕೆ ಹಾಕಿ ಚಿತೆಗೆ ಒಯ್ಯುವುದನ್ನು ಪತ್ರಿಕೆಯ ಫೋಟೊಗಳಂಥ ಮಸುಕು ಸ್ಥಿರಚಿತ್ರಗಳಲ್ಲಿ ನೋಡುತ್ತೇವೆ. ಅವನನ್ನು ಕೊಂದವರು ಜೀವಂತ ಮನುಷ್ಯರು, ಕೆಲಸ ಮುಗಿಸಿ ಮನೆಗೆ ಹೋಗುವವರು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಬೆನ್ ಪಾತ್ರವನ್ನು ಕಪ್ಪು ಜನಾಂಗದವನೆಂದು ಬರೆದಿರಲಿಲ್ಲ. ಕಪ್ಪು ನಟ ಡ್ವೇನ್ ಜೋನ್ಸ್ ಚೆನ್ನಾಗಿ ನಟಿಸಿ ತೋರಿಸಿದ್ದಕ್ಕೆ ಪಾತ್ರ ಕೊಟ್ಟೆವು ಎಂದು ರೊಮೆರೊ ಅವರೇ ಹೇಳಿದ್ದಾರೆ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿ ಬಂದಾಗ ಚಿತ್ರ ಆಗಲೇ ಮುಗಿದಿತ್ತು. ಹಾಗಿದ್ದಮೇಲೆ ಅದರಲ್ಲಿ ಜನಾಂಗದ ರಾಜಕೀಯ ಹುಡುಕುವುದು ವಿಮರ್ಶಕರು ಮೇಲಿಂದ ಹೊರಿಸಿದ ಅರ್ಥವಲ್ಲವೇ? ಅಲ್ಲ ಎಂದೇ ನನ್ನ ಉತ್ತರ. ಬಂದೂಕು ಹಿಡಿದ ಬಿಳಿಯರ ಗುಂಪೊಂದು ಕಪ್ಪು ಮನುಷ್ಯನನ್ನು ದೂರದಿಂದಲೇ ಗುಂಡಿಟ್ಟು ಕೊಂದು ಮುಂದೆ ಸಾಗುವುದಕ್ಕೆ ಅಮೆರಿಕದಲ್ಲಿ ಅರ್ಥ ಬರಲು ನಿರ್ದೇಶಕನ ಅಪ್ಪಣೆ ಬೇಕಿರಲಿಲ್ಲ. ನಿಜವಾದ ಊರು, ನಿಜವಾದ ಜನರ ಎದುರು ಕ್ಯಾಮೆರಾ ಇಟ್ಟವನಿಗೆ ಆ ಊರಿನ ಚರಿತ್ರೆಯೂ ಜೊತೆಗೇ ಸಿಗುತ್ತದೆ. ಸೆಟ್ ಹಾಕಿ ತೆಗೆದಿದ್ದರೆ ಅದು ದಕ್ಕುತ್ತಿತ್ತೆಂದು ನಾನು ನಂಬುವುದಿಲ್ಲ.

ಮುಂದಿನ ಚಿತ್ರಗಳು ಈ ಮಾತನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ. ‘ದಿ ಕ್ರೇಜೀಸ್’ (1973) ಮತ್ತೆ ಇವಾನ್ಸ್ ಸಿಟಿಗೇ ಬಂದು, ಸೋಂಕಿಗಿಂತ ಸೈನ್ಯದ ಗೊಂದಲವೇ ಊರನ್ನು ಹಾಳುಮಾಡುವುದನ್ನು ತೋರಿಸಿತು. ‘ಮಾರ್ಟಿನ್’ ಚಿತ್ರದಲ್ಲಿ ಬ್ರಾಡಕ್ ಎಂಬ ಉಕ್ಕಿನ ಪಟ್ಟಣ ಸೊರಗುತ್ತಿರುವುದೇ ನಿಜವಾದ ಭಯ. ಇನ್ನು ‘ಡಾನ್ ಆಫ್ ದಿ ಡೆಡ್’ (1978): ಪಿಟ್ಸ್‌ಬರ್ಗ್ ಹೊರವಲಯದ ಮನ್ರೋವಿಲ್ ಮಾಲ್‌ನಲ್ಲಿ, ಅಂಗಡಿಗಳು ಮುಚ್ಚಿದ ಮೇಲೆ ರಾತ್ರಿಯಿಡೀ ಚಿತ್ರೀಕರಣ. ಕ್ರಿಸ್ಮಸ್ ಅಲಂಕಾರ ಇಳಿಯುವವರೆಗೆ ಕೆಲಸ ನಿಲ್ಲಿಸಬೇಕಾಯಿತು. ಹೆಣಗಳು ಎಸ್ಕಲೇಟರಿನಲ್ಲಿ ಮುಗ್ಗರಿಸುತ್ತವೆ, ಸ್ಕೇಟಿಂಗ್ ಅಂಗಣದಲ್ಲಿ ಜಾರುತ್ತವೆ. ಬದುಕಿದ್ದಾಗಿನ ರೂಢಿಯೇ ಅವುಗಳನ್ನು ಮಾಲ್‌ಗೆ ಎಳೆದು ತಂದಿದೆ. ಆದರೆ ಈ ಚಿತ್ರವನ್ನು ಬರಿಯ ಕೊಳ್ಳುಬಾಕತನದ ಟೀಕೆ ಎಂದು ಮುಗಿಸಿಬಿಡುವುದು ಅರ್ಧ ಓದು. ಒಳಗೆ ಅಡಗಿದ ನಾಲ್ವರು ಬಟ್ಟೆ, ವಾಚು, ತಿಂಡಿ ಬಾಚಿಕೊಂಡು ಸಂತೋಷಪಡುವಾಗ ನಾವೂ ಸಂತೋಷಪಡುತ್ತೇವೆ. ನಿಧಾನವಾಗಿ ಅವರ ಮುಖದಲ್ಲಿ ಬೇಸರ ಕಟ್ಟುತ್ತದೆ. ಬೇಕಾದ್ದೆಲ್ಲ ಸಿಕ್ಕಿದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಹೋಲಿಕೆಗೆ ನೋಡಿದರೆ, ನಮ್ಮ ‘ನಾ ನಿನ್ನ ಬಿಡಲಾರೆ’ಯಿಂದ ‘ಆಪ್ತಮಿತ್ರ’ದ ನಾಗವಲ್ಲಿಯವರೆಗೆ ಕನ್ನಡದ ತೆರೆಯ ಪ್ರೇತಕ್ಕೆ ಹಿಂದಿನ ಕಥೆಯಿದೆ, ತೀರದ ಆಸೆಯಿದೆ, ಅದನ್ನು ತಿಳಿದರೆ ಪರಿಹಾರವೂ ಉಂಟು. ರೊಮೆರೊ ಅವರ ಹೆಣಗಳಿಗೆ ಹೇಳಿಕೊಳ್ಳಲು ಏನೂ ಇಲ್ಲ. ಕಥೆಯಿರುವುದು ಬದುಕಿರುವವರಿಗೆ ಮಾತ್ರ, ಅವರೂ ಅದನ್ನು ಹೇಳಿಕೊಳ್ಳದೆ ಜಗಳವಾಡುತ್ತಾರೆ.

ಊರಿನ ಬಗೆಗಿನ ನನ್ನ ವಾದಕ್ಕೆ ಬಲವಾದ ಪ್ರತಿವಾದವೊಂದಿದೆ. ವಿತರಕರು ಮೊದಲ ಚಿತ್ರದ ಹೆಸರು ಬದಲಿಸಿದಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಗಿ, ಚಿತ್ರ ಯಾರು ಬೇಕಾದರೂ ಬಳಸಬಹುದಾದ ಸಾರ್ವಜನಿಕ ಸ್ವತ್ತಾಯಿತು. ಮಾಡಿದವರು ನಷ್ಟ ಅನುಭವಿಸಿದರು, ಪ್ರತಿಗಳು ಎಲ್ಲೆಡೆ ಹರಡಿದವು. ಅಂದರೆ ಊರಿನ ಹಂಗು ಕಳಚಿಕೊಂಡದ್ದರಿಂದಲೇ ಪರಂಪರೆ ಬೆಳೆಯಿತಲ್ಲವೇ? ಹರಡಿದ್ದು ನಿಜ. ಆದರೆ ಎಲ್ಲಿ ಬೇರು ಬಿಟ್ಟಿತು ಎಂದು ನೋಡಬೇಕು. ‘28 ಡೇಸ್ ಲೇಟರ್’ (2002) ನೆನಪಿರುವುದು ಬರಿದಾದ ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ. ‘ಟ್ರೈನ್ ಟು ಬುಸಾನ್’ (2016) ಕೊರಿಯಾದ ವೇಗದ ರೈಲಿನ ಬೋಗಿಗಳಲ್ಲಿ ಅಲ್ಲಿನ ವರ್ಗಭೇದವನ್ನೇ ಬಾಗಿಲುಗಳಾಗಿ ನಿಲ್ಲಿಸಿತು. ಇದಕ್ಕೆ ಎದುರಾಗಿ ‘ವರ್ಲ್ಡ್ ವಾರ್ ಝೆಡ್’ (2013) ಖಂಡದಿಂದ ಖಂಡಕ್ಕೆ ಹಾರುತ್ತ, ಜೆರುಸಲೇಮಿನ ಗೋಡೆಯ ಮೇಲೆ ಹೆಣಗಳ ಗುಡ್ಡೆ ಏರಿಸಿತು. ಯಾವ ಊರಿನ ಬಗೆಗೂ ಅದಕ್ಕೆ ಕಾಳಜಿಯಿಲ್ಲ, ಹಾಗಾಗಿ ಯಾವ ಊರು ಬಿದ್ದರೂ ನಮಗೆ ನೋವಾಗುವುದಿಲ್ಲ. ರೊಮೆರೊ ಅವರೂ ಇದಕ್ಕೆ ಹೊರತಲ್ಲ. ‘ಲ್ಯಾಂಡ್ ಆಫ್ ದಿ ಡೆಡ್’ (2005) ಕಥೆ ಪಿಟ್ಸ್‌ಬರ್ಗ್‌ನದು, ಚಿತ್ರೀಕರಣ ಟೊರಾಂಟೊದಲ್ಲಿ. ಶ್ರೀಮಂತರ ಗೋಪುರ, ಬಡವರ ಬೀದಿ ಎಲ್ಲ ಸ್ಪಷ್ಟವಾಗಿವೆ, ಅತಿ ಸ್ಪಷ್ಟವಾಗಿವೆ. ಹಿಂದಿನ ಚಿತ್ರಗಳ ಮಣ್ಣಿನ ವಾಸನೆ ಮಾತ್ರ ಇಲ್ಲ.

ಬೇರೆ ದೋಷಗಳನ್ನೂ ಮುಚ್ಚಿಡಬೇಕಿಲ್ಲ. ಮೊದಲ ಚಿತ್ರದ ನಾಯಕಿ ಬಾರ್ಬರಾ ಅರ್ಧ ಗಂಟೆಯೊಳಗೇ ಜಡವಾಗಿ ಸೋಫಾದ ಮೇಲೆ ಕೂತುಬಿಡುತ್ತಾಳೆ. 1990ರಲ್ಲಿ ಟಾಮ್ ಸವಿನಿ ಅದೇ ಕಥೆಯನ್ನು ಮತ್ತೆ ತೆಗೆದಾಗ ಅವಳ ಕೈಗೆ ಬಂದೂಕು ಕೊಟ್ಟು ತಿದ್ದಿದರು. ತಿದ್ದುಪಡಿ ನ್ಯಾಯವಾದದ್ದೇ, ಚಿತ್ರ ಮಾತ್ರ ಮೂಲದ ಎತ್ತರಕ್ಕೆ ಏರಲಿಲ್ಲ. ಕ್ರೌರ್ಯದ ಪ್ರಶ್ನೆಯೂ ಹಳೆಯದು. ವಯಸ್ಸಿನ ವರ್ಗೀಕರಣ ಜಾರಿಗೆ ಬರುವ ಮೊದಲೇ ಬಿಡುಗಡೆಯಾದ ಮೊದಲ ಚಿತ್ರದ ಹಗಲಿನ ಆಟಕ್ಕೆ ಬಂದ ಮಕ್ಕಳು ಅತ್ತದ್ದನ್ನು ವಿಮರ್ಶಕ ರೋಜರ್ ಈಬರ್ಟ್ ಬರೆದರು. ಆ ದೂರು ಸರಿ. ಮಕ್ಕಳಿಗೆ ಇದನ್ನು ತೋರಿಸಬಾರದಿತ್ತು.

ಅಭಿಮಾನಿಗಳ ಕೂಟಗಳ ಬಗ್ಗೆ ವಿಮರ್ಶಕರು ಸಾಮಾನ್ಯವಾಗಿ ಬರೆಯುವುದಿಲ್ಲ, ವೇಷದ ಸಂತೆ ಎಂದು ಕಡೆಗಣಿಸುತ್ತಾರೆ. 2006ರಲ್ಲಿ ಮನ್ರೋವಿಲ್ ಮಾಲ್‌ನಲ್ಲಿ 894 ಜನ ಹೆಣದ ವೇಷ ಹಾಕಿ ನಡೆದು ಗಿನ್ನೆಸ್ ದಾಖಲೆ ಮಾಡಿದರು. ಕೊಳ್ಳುಬಾಕತನವನ್ನು ಚುಚ್ಚಿದ ಚಿತ್ರದ ಹೆಸರಲ್ಲಿ ಅದೇ ಮಾಲ್‌ನಲ್ಲಿ ಟಿ-ಶರ್ಟು ಮಾರುವುದು ವಿರೋಧಾಭಾಸ ಎನ್ನುವವರಿದ್ದಾರೆ. ವ್ಯಾಪಾರವಿದೆ, ಇಲ್ಲವೆನ್ನಲಾರೆ. ಆದರೆ ಮೊದಲ ದೃಶ್ಯದಲ್ಲಿ ಕಾಣುವ ಇವಾನ್ಸ್ ಸಿಟಿ ಸ್ಮಶಾನದ ಪುಟ್ಟ ಚಾಪೆಲ್ ಶಿಥಿಲವಾಗಿ ಕೆಡವುವ ಮಾತು ಬಂದಾಗ, ಚಿತ್ರದ ಧ್ವನಿ ವಿಭಾಗದಲ್ಲಿ ದುಡಿದಿದ್ದ ಗ್ಯಾರಿ ಸ್ಟ್ರೈನರ್ ಮುಂದೆ ನಿಂತು, ಅಭಿಮಾನಿಗಳ ದುಡ್ಡಿನಿಂದಲೇ ಅದನ್ನು ದುರಸ್ತಿ ಮಾಡಿಸಿದರು. ಪ್ರಾರ್ಥನೆಗೆ ಬರುವವರಿಲ್ಲದ ಕಟ್ಟಡ ಒಂದು ಭಯಾನಕ ಚಿತ್ರದ ಪ್ರೀತಿಯಿಂದ ಉಳಿಯಿತು. ಹೆಣಗಳನ್ನು ನೋಡಲು ಬಂದವರು ಊರನ್ನು ಕಾಪಾಡಿದರು. ವಿಮರ್ಶೆ ಗುರುತಿಸದ್ದನ್ನು ಅವರು ಗುರುತಿಸಿದ್ದರು. ಮನ್ರೋವಿಲ್ ಮಾಲ್‌ಗೆ ಆ ಭಾಗ್ಯ ಸಿಗುವುದು ಕಷ್ಟ. 2025ರಲ್ಲಿ ವಾಲ್‌ಮಾರ್ಟ್ ಅದನ್ನು 3.4 ಕೋಟಿ ಡಾಲರಿಗೆ ಕೊಂಡಿತು. ಜಾಗವನ್ನು ಹೊಸದಾಗಿ ಕಟ್ಟುವ ಯೋಜನೆಯಿದೆ.

ಮೊದಲ ಚಿತ್ರವನ್ನು ಇಂದು ಯಾರು ಬೇಕಾದರೂ ಕಾಸು ಕೊಡದೆ ನೋಡಬಹುದು. ನೋಡುವವರು ಬಣ್ಣ ಬಳಿದ ಪ್ರತಿಗಳನ್ನು ಬಿಟ್ಟು, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮತ್ತು ಫಿಲ್ಮ್ ಫೌಂಡೇಶನ್ ಸೇರಿ ಸರಿಪಡಿಸಿದ ಕಪ್ಪು-ಬಿಳುಪು ಪ್ರತಿಯನ್ನೇ ಹುಡುಕಿ ನೋಡಲಿ. ಕೊನೆಯ ಸ್ಥಿರಚಿತ್ರಗಳು ಮುಗಿಯುವವರೆಗೂ ಎದ್ದು ಹೋಗದಿರಲಿ.