ಒಂದೇ ಒಂದು ನೆಗೆತ

ರಷ್ಯದ ಬ್ಯಾಲೆ ನರ್ತಕ ನಿಜಿನ್‌ಸ್ಕಿ ಕುಣಿಯುವ ಒಂದು ಚೂರು ಚಲನಚಿತ್ರವೂ ಉಳಿದಿಲ್ಲ. ಫೋಟೋಗಳಿವೆ, ಡಿ ಮೇಯರ್ ತೆಗೆದವಂತೂ ಬಲು ಚೆಂದ. ಆದರೂ ನನ್ನ ಮಟ್ಟಿಗೆ ಆ ನರ್ತಕ ಮೈತುಂಬಿ ನಿಲ್ಲುವುದು ಫ್ರೆಂಚ್ ಚಿತ್ರಕಾರ ಜಾರ್ಜ್ ಬಾರ್ಬಿಯೇ 1913ರಲ್ಲಿ ಹೊರತಂದ ಹನ್ನೆರಡು ಚಿತ್ರಗಳ ಸಂಪುಟದಲ್ಲಿ.

ನಿಜಿನ್‌ಸ್ಕಿ ಕುಣಿಯುತ್ತಿದ್ದ ರಷ್ಯನ್ ಬ್ಯಾಲೆ ತಂಡವನ್ನು ಅದರ ಒಡೆಯ ಡಯಾಗಿಲೆವ್ ಪ್ಯಾರಿಸ್ಸಿಗೆ ತಂದದ್ದು 1909ರಲ್ಲಿ. ಮರುವರ್ಷ ‘ಶೆಹರಜಾದೆ’ ಬ್ಯಾಲೆಯ ರಂಗಸಜ್ಜಿಕೆಗೆ ಲಿಯೋನ್ ಬಾಕ್ಸ್ಟ್ ಹಚ್ಚಿದ ಬಣ್ಣಗಳು ಊರಿನ ಕಣ್ಣು ಕುಕ್ಕಿದವು. ಚಿತ್ರಕಾರರು ಸುಮ್ಮನಿರಲಿಲ್ಲ. ಆ ವರ್ಷವೇ ಕವಿ ಕಾಕ್ಟೋನ ಪದ್ಯಗಳಿಗೆ ಪಾಲ್ ಇರೀಬ್ ನಿಜಿನ್‌ಸ್ಕಿಯನ್ನು ಬರೆದ; 1913ರಲ್ಲಿ ಮೆಕ್ಸಿಕೊದ ಚಿತ್ರಕಾರ ಮೊಂಟೆನೆಗ್ರೊ ಕಪ್ಪು, ಬಿಳುಪು, ಚಿನ್ನದ ಬಣ್ಣಗಳಲ್ಲಿ ಬರೆದ. ಇವರಲ್ಲಿ ನನ್ನ ಆಯ್ಕೆ ಬಾರ್ಬಿಯೇ.

ಗ್ರೀಕ್ ಹೂಜಿಗಳ ಮೇಲಿನ ಚಿತ್ರಗಳೆಂದರೆ ಅವನಿಗೆ ಪ್ರಾಣ. 1912ರ ಮೇ 29ರಂದು ನಿಜಿನ್‌ಸ್ಕಿ ರಂಗಕ್ಕೆ ತಂದ ‘ಫಾನ್‌ನ ಅಪರಾಹ್ನ’ದಲ್ಲಿ ಆ ಹೂಜಿಗಳೇ ಎದ್ದು ನಡೆದಂತಿತ್ತು. ಎದೆ ನಮ್ಮತ್ತ, ಮುಖವೂ ಪಾದವೂ ಪಕ್ಕಕ್ಕೆ. ಅರ್ಧ ಆಡು, ಅರ್ಧ ಮನುಷ್ಯನಾದ ಫಾನ್ ಮತ್ತು ವನಕನ್ಯೆಯರು ರಂಗದ ಉದ್ದಕ್ಕೆ ಒಂದೇ ಪಟ್ಟಿಯಲ್ಲಿ ಸಾಗುತ್ತಾರೆ. ಗಾಳಿಯಲ್ಲಿ ತೇಲುತ್ತಾನೆಂದು ಹೆಸರಾದ ನಿಜಿನ್‌ಸ್ಕಿ ಇಲ್ಲಿ ಫಾನ್ ಆಗಿ ನೆಗೆಯುವುದು ಒಂದೇ ಒಂದು ಸಲ! ಹೀಗೆ ಆಳವನ್ನೇ ಬಿಟ್ಟುಕೊಟ್ಟ ನೃತ್ಯ ಕಾಗದಕ್ಕೆ ಬರುವಾಗ ಏನನ್ನೂ ಕಳೆದುಕೊಳ್ಳುವುದಿಲ್ಲ. ಬಾರ್ಬಿಯೇ ನೆರಳು ತುಂಬಿ ಮೈಯನ್ನು ಉಬ್ಬಿಸಲು ಹೋಗುವುದಿಲ್ಲ. ಒಂದು ನಿಚ್ಚಳ ಗೆರೆ, ಒಳಗೆ ಸಮತಟ್ಟಾದ ಬಣ್ಣ. ಅಷ್ಟರಲ್ಲೇ ಕುಣಿತದ ಬಿಗಿ ಇದೆ.

ಆ ಬಣ್ಣ ಹಚ್ಚಿದ ರೀತಿಗೆ ಫ್ರೆಂಚರು ‘ಪೊಶ್ವಾರ್’ ಎನ್ನುತ್ತಾರೆ. ತೆಳು ತಗಡಿನಲ್ಲಿ ಆಕಾರ ಕೊರೆದು, ಅಚ್ಚಾದ ಗೆರೆಯ ಮೇಲಿಟ್ಟು, ಕುಂಚದಿಂದ ಕೈಯಾರೆ ಬಣ್ಣ ಒತ್ತುವುದು. ಬಣ್ಣಕ್ಕೊಂದು ತಗಡು. ಕೆಲಸಗಾರರ ಕೈ ಇಲ್ಲಿ ಚಿತ್ರಕಾರನ ಕೈಯಷ್ಟೇ ಮುಖ್ಯ. ಅವರ ಹೆಸರು ಮಾತ್ರ ಪುಟದ ಮೇಲೆ ಕಾಣುವುದು ಅಪರೂಪ. ಈ ಕಸುಬಿನ ಮೇಷ್ಟರಾದ ಜಾನ್ ಸೋಡೆ 1925ರಲ್ಲಿ ಇದರ ಬಗ್ಗೆಯೇ ಒಂದು ಗ್ರಂಥ ಬರೆದ.

ಇಂಥ ಪುಸ್ತಕ ಎಂದಾದರೂ ಕೈಗೆ ಸಿಕ್ಕರೆ ನೇರ ನೋಡಬೇಡಿ. ಕಿಟಕಿಯ ಬಳಿ ಒಯ್ದು, ಪುಟವನ್ನು ಓರೆ ಬೆಳಕಿಗೆ ಹಿಡಿಯಿರಿ. ಈಚಿನ ಮರುಮುದ್ರಣವಾದರೆ ಭೂತಗನ್ನಡಿಯಲ್ಲಿ ಚುಕ್ಕಿಗಳು ಕಾಣುತ್ತವೆ. ಮೂಲದಲ್ಲಿ ಚುಕ್ಕಿ ಇಲ್ಲ. ಬಣ್ಣ ಕಾಗದದ ಮೇಲೆ ಕೂತಿರುತ್ತದೆ. ತಗಡಿನ ಅಂಚಿಗೆ ತಾಗಿದಲ್ಲಿ ಕೂದಲೆಳೆಯಷ್ಟು ದಪ್ಪ ಕಟ್ಟಿ ನಿಂತಿರುತ್ತದೆ.