ಪ್ರಲಾಪಗಳು: ಅಕ್ಷರಮಾಲೆ ಮುಗಿದರೂ ಮುಗಿಯದ ಅಳಲು

ಪ್ರಲಾಪಗಳ ಗ್ರಂಥದಿಂದ ನಮ್ಮ ಪ್ರಸಂಗಪೀಠದವರೆಗೆ ಬರುವುದು ಸಾಮಾನ್ಯವಾಗಿ ಮೂರನೆಯ ಅಧ್ಯಾಯದ 22 ಮತ್ತು 23ನೆಯ ವಚನಗಳು ಮಾತ್ರ. ದೇವರ ಕರುಣೆ ದಿನದಿನವೂ ಹೊಸದಾಗುತ್ತದೆಂಬ ಆ ಮಾತನ್ನು ಶವಸಂಸ್ಕಾರದಲ್ಲಿ ಓದುತ್ತೇವೆ, ಹೊಸ ವರ್ಷದ ವಾಗ್ದಾನದ ಕಾರ್ಡುಗಳಲ್ಲಿ ಅಚ್ಚು ಹಾಕಿಸುತ್ತೇವೆ. ಆದರೆ ಈ ಕೃತಿಯಲ್ಲಿ ಒಟ್ಟು 154 ವಚನಗಳಿವೆ. ಎರಡನ್ನು ಆರಿಸಿಕೊಂಡು ಉಳಿದವುಗಳನ್ನು ಮುಚ್ಚಿಡುವುದರಿಂದ ಕೃತಿಗೆ ಆಗುವ ಹಾನಿಗಿಂತ ದುಃಖದಲ್ಲಿರುವ ಸಭಿಕರಿಗೆ ಆಗುವ ಹಾನಿ ದೊಡ್ಡದೆಂದು ನಾವು ಭಾವಿಸುತ್ತೇವೆ.

ಮೊದಲು ಕೃತಿಯ ಕಟ್ಟಡವನ್ನು ನೋಡೋಣ. ಅದು ಅನುವಾದದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇಬ್ರಿಯ ಮೂಲದಲ್ಲಿ ಮೊದಲ ನಾಲ್ಕು ಅಧ್ಯಾಯಗಳು ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ, ಆಲೆಫ್‌ನಿಂದ ತಾವ್‌ವರೆಗೆ, ಸಾಗುತ್ತವೆ. ಒಂದು ಮತ್ತು ಎರಡನೆಯ ಅಧ್ಯಾಯಗಳಲ್ಲಿ ಒಂದೊಂದು ಅಕ್ಷರಕ್ಕೂ ಬಹುಮಟ್ಟಿಗೆ ಮೂರು ಸಾಲು. ಮೂರನೆಯದರಲ್ಲಿ ಮೂರು ಸಾಲುಗಳೂ ಅದೇ ಅಕ್ಷರದಿಂದ ಆರಂಭವಾಗುತ್ತವೆ, ಆದ್ದರಿಂದಲೇ ಅಲ್ಲಿ 66 ವಚನಗಳು. ನಾಲ್ಕನೆಯದರಲ್ಲಿ ಅಕ್ಷರಕ್ಕೆ ಎರಡೇ ಸಾಲು. ಐದನೆಯದರಲ್ಲಿ ವಚನಗಳು 22 ಇದ್ದರೂ ಒಂದೊಂದೇ ಸಾಲು, ಅಕ್ಷರಕ್ರಮವಂತೂ ಇಲ್ಲವೇ ಇಲ್ಲ. ಇದಲ್ಲದೆ ಸಾಲಿನ ಮೊದಲರ್ಧ ಉದ್ದವಾಗಿ, ಎರಡನೆಯರ್ಧ ಗಿಡ್ಡವಾಗಿ ಕುಂಟುವ ಲಯವೊಂದನ್ನು 1882ರಲ್ಲಿ ಕಾರ್ಲ್ ಬುಡ್ಡೆ ಗುರುತಿಸಿ, ಅದನ್ನು ಶೋಕಗೀತೆಯ ಲಯವೆಂದು ವಿವರಿಸಿದರು.

ಕ್ರಿ.ಪೂ. 587ರ ಸುಮಾರಿಗೆ ಬಾಬಿಲೋನಿನವರಿಂದ ಯೆರೂಸಲೇಮ್ ಹಾಳಾದುದನ್ನು ಕಂಡವರು ಇಷ್ಟು ಕಟ್ಟುನಿಟ್ಟಿನ ರೂಪವನ್ನು ಏಕೆ ಆರಿಸಿಕೊಂಡರು? ದುಃಖವನ್ನು ಆದಿಯಿಂದ ಅಂತ್ಯದವರೆಗೆ ಸಂಪೂರ್ಣವಾಗಿ ಹೇಳಿ ಮುಗಿಸುವುದಕ್ಕಾಗಿ ಎಂಬ ಉತ್ತರ ವ್ಯಾಖ್ಯಾನಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ನಮಗೆ ಇದು ಸಾಕೆನಿಸುವುದಿಲ್ಲ. ಹೇಳಿ ಮುಗಿಸುವುದೇ ಉದ್ದೇಶವಾಗಿದ್ದರೆ ಅಕ್ಷರಮಾಲೆಯನ್ನು ಒಂದು ಸಲ ದಾಟಿದರೆ ಸಾಕಿತ್ತು. ಇಲ್ಲಿ ತಾವ್ ಮುಟ್ಟಿದೊಡನೆ ಮತ್ತೆ ಆಲೆಫ್‌ಗೆ ಹಿಂದಿರುಗಬೇಕಾಗುತ್ತದೆ, ಅದೂ ಮೂರು ಸಲ. ಕೊನೆಗೆ ಸಾಲುಗಳು ಕುಗ್ಗಿ, ಅಕ್ಷರಗಳೂ ಕೈಬಿಟ್ಟು, ಬರಿಯ ಎಣಿಕೆ ಉಳಿಯುತ್ತದೆ. ಅತ್ತು ಅತ್ತು ಧ್ವನಿ ಇಳಿದವರ ಮಾತಿನ ಹಾಗಿದೆ ಆ ಐದನೆಯ ಅಧ್ಯಾಯ. ರೂಪವು ಇಲ್ಲಿ ದುಃಖವನ್ನು ಗುಣಪಡಿಸುತ್ತಿಲ್ಲ. ಮುಂದಿನ ಮಾತು ಯಾವುದೆಂದು ತಿಳಿಯದವನಿಗೆ ಮುಂದಿನ ಅಕ್ಷರ ಯಾವುದೆಂದಾದರೂ ತಿಳಿದಿರುತ್ತದೆ; ಅಷ್ಟರಮಟ್ಟಿಗೆ ಅದು ಆಸರೆ.

ಸಭಾಪಾಲನೆಗೆ ಸಿದ್ಧರಾಗುತ್ತಿರುವವರು ವಿಶೇಷವಾಗಿ ಗಮನಿಸಬೇಕಾದದ್ದು ಮೊದಲೆರಡು ಅಧ್ಯಾಯಗಳ ನಿರೂಪಕನನ್ನು. ಆರಂಭದಲ್ಲಿ ಅವನು ದೂರ ನಿಂತು ವರದಿ ಮಾಡುತ್ತಾನೆ. ವಿಧವೆಯಂತೆ ಕುಳಿತ ನಗರಿಯನ್ನು ವರ್ಣಿಸಿ, ಅವಳ ಪಾಪವೇ ಇದಕ್ಕೆ ಕಾರಣವೆಂದೂ ಹೇಳುತ್ತಾನೆ. ಅವಳನ್ನು ಸಂತೈಸುವವರಿಲ್ಲ ಎಂಬ ಮಾತು ಮೊದಲ ಅಧ್ಯಾಯದಲ್ಲಿ ಐದು ಬಾರಿ ಬರುತ್ತದೆ. ಒಂಬತ್ತನೆಯ ವಚನದಲ್ಲಿ ಚೀಯೋನ್ ಕುಮಾರಿಯೇ ನಡುವೆ ಬಾಯಿ ಹಾಕುತ್ತಾಳೆ. ಹನ್ನೊಂದರ ಕೊನೆಯಿಂದ ಮಾತನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾಳೆ. ಅವಳ ಮಾತನ್ನು ಕೇಳಿದ ಮೇಲೆ ನಿರೂಪಕನು ಮೊದಲಿನವನಾಗಿ ಉಳಿಯುವುದಿಲ್ಲ. ಎರಡನೆಯ ಅಧ್ಯಾಯದ ಹನ್ನೊಂದನೆಯ ವಚನಕ್ಕೆ ಬರುವಷ್ಟರಲ್ಲಿ, ಬೀದಿಯಲ್ಲಿ ಹಸಿವಿನಿಂದ ಬಳಲಿ ಬೀಳುವ ಮಕ್ಕಳನ್ನು ಕಂಡು ಅವನ ಕಣ್ಣೇ ಮಬ್ಬಾಗುತ್ತದೆ. ಹದಿಮೂರರಲ್ಲಿ ಅವಳ ಸಂಕಟಕ್ಕೆ ಹೋಲಿಕೆಯೇ ಸಿಗದೆ ತಡವರಿಸುತ್ತಾನೆ. ಕೊನೆಗೆ ಅವನು ಕೊಡುವ ಸಲಹೆ ಒಂದೇ: ಕಣ್ಣೀರನ್ನು ತಡೆಯಬೇಡ, ಹೃದಯವನ್ನು ದೇವರ ಮುಂದೆ ನೀರಿನಂತೆ ಹೊಯ್ದುಬಿಡು. ಅವಳು ಹಾಗೆಯೇ ಮಾಡುತ್ತಾಳೆ. ಅವಳ ಪ್ರಾರ್ಥನೆ ದೇವರ ಮೇಲಿನ ನೇರ ಆಪಾದನೆ. ನಿರೂಪಕನು ಅದನ್ನು ತಿದ್ದುವುದಿಲ್ಲ, ದೇವರ ಪರವಾಗಿ ವಾದಿಸುವುದಿಲ್ಲ. ಇಡೀ ಗ್ರಂಥದಲ್ಲಿ ದೇವರು ಉತ್ತರವಾಗಿ ಒಮ್ಮೆಯೂ ಮಾತನಾಡುವುದಿಲ್ಲ.

ಮೂರನೆಯ ಅಧ್ಯಾಯದ ನಿರೀಕ್ಷೆ ಸುಳ್ಳಲ್ಲ. ಆದರೆ ಆ ವಚನಗಳಾದ ಮೇಲೆ, 44ನೆಯ ವಚನದಲ್ಲಿ, ಪ್ರಾರ್ಥನೆ ತಲುಪದ ಹಾಗೆ ದೇವರು ಮೋಡವನ್ನು ಹೊದ್ದುಕೊಂಡಿದ್ದಾನೆಂಬ ದೂರು ಬರುತ್ತದೆ. ಈ ಅಧ್ಯಾಯವನ್ನೇ ಕೃತಿಯ ಶಿಖರವೆಂದು ಎತ್ತಿಹಿಡಿದ ವ್ಯಾಖ್ಯಾನಪರಂಪರೆ ಪ್ರಲಾಪದ ಬೆಲೆಯನ್ನೇ ಇಳಿಸಿತೆಂದು ಕ್ಲಾಸ್ ವೆಸ್ಟರ್‌ಮನ್ನರು ವಾದಿಸಿದ್ದಾರೆ. ಅವರ ವಾದವನ್ನು ನಾವು ಒಪ್ಪುತ್ತೇವೆ.

ಆರಾಧನೆಯ ಪರಂಪರೆಗಳು ಈ ವಿಷಯದಲ್ಲಿ ವ್ಯಾಖ್ಯಾನಕಾರರಿಗಿಂತ ಹೆಚ್ಚು ಎಚ್ಚರದಿಂದಿದ್ದವು. ಯೆಹೂದ್ಯರು ಆಬ್ ತಿಂಗಳ ಒಂಬತ್ತನೆಯ ದಿನ ಮಂದ ಬೆಳಕಿನಲ್ಲಿ, ನೆಲದ ಮೇಲೆ ಅಥವಾ ಕಿರುಪೀಠಗಳ ಮೇಲೆ ಕುಳಿತು, ಇಡೀ ಗ್ರಂಥವನ್ನು ತಗ್ಗಿದ ರಾಗದಲ್ಲಿ ಓದುತ್ತಾರೆ. ಪಾಶ್ಚಾತ್ಯ ಸಭೆಯು ಶ್ರಮೆಯ ವಾರದ ಕೊನೆಯ ಮೂರು ದಿನಗಳ ಆರಾಧನೆಯಲ್ಲಿ ಒಂದೊಂದಾಗಿ ದೀಪಗಳನ್ನು ಆರಿಸುತ್ತ ಇದರ ಭಾಗಗಳನ್ನು ಹಾಡಿತು. ಲತೀನ್ ಪಾಠದಲ್ಲಿ ವಚನಗಳ ಮೊದಲಿಗೆ ಇಬ್ರಿಯ ಅಕ್ಷರಗಳ ಹೆಸರುಗಳು ಉಳಿದುಕೊಂಡಿದ್ದವು. ಹದಿನಾರನೆಯ ಶತಮಾನದಲ್ಲಿ ಥಾಮಸ್ ಟ್ಯಾಲಿಸ್, 1714ರ ಸುಮಾರಿಗೆ ಫ್ರಾನ್ಸ್ವಾ ಕೂಪರಾ ರಾಗ ಹಾಕಿದಾಗ ಆ ಹೆಸರುಗಳನ್ನೂ ಬಿಡಲಿಲ್ಲ. ಅರ್ಥವಿಲ್ಲದ ಒಂದು ಅಕ್ಷರದ ಹೆಸರಿನ ಮೇಲೆ ರಾಗವು ಸುದೀರ್ಘವಾಗಿ ನಿಲ್ಲುತ್ತದೆ. ಲತೀನ್ ತಿಳಿಯದ ಕೇಳುಗನಿಗೂ ಅಲ್ಲಿ ಅಳಲು ಜಾಗವಿದೆ.

ನಮ್ಮಲ್ಲಿ ಆ ಜಾಗ ಎಲ್ಲಿದೆ? ಕರ್ನಾಟಕದ ಹಳ್ಳಿಗಳಲ್ಲಿ ಸತ್ತವರ ಗುಣಗಳನ್ನು ಎತ್ತಿ ಹೇಳುತ್ತ ಹಾಡಿಕೊಂಡು ಅಳುವುದು ಹೆಂಗಸರಿಗೆ ಬಂದ ವಿದ್ಯೆ. ಯೆರೆಮೀಯನ 9ನೆಯ ಅಧ್ಯಾಯದಲ್ಲಿ ಗೋಳಾಡುವ ಹೆಂಗಸರನ್ನು ಕರೆತರಬೇಕೆಂದೂ ತಾಯಂದಿರು ಆ ವಿದ್ಯೆಯನ್ನು ಹೆಣ್ಣುಮಕ್ಕಳಿಗೆ ಕಲಿಸಬೇಕೆಂದೂ ಹೇಳಿದೆ. ನಾವಾದರೋ ಮನೆಯಂಗಳದಲ್ಲಿ ಆರಾಧನೆ ಶುರುವಾಗುವ ಮುಂಚೆ ಅಳುವ ಅಜ್ಜಿಯನ್ನು ಸುಮ್ಮನಿರಿಸುತ್ತೇವೆ. ಆಧಾರವಾಗಿ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆಯ 4:13ನ್ನು ಹಿಡಿದುಕೊಳ್ಳುತ್ತೇವೆ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿರೆಂದು ಪೌಲನು ಬರೆದನೇ ಹೊರತು ದುಃಖಿಸಲೇಬೇಡಿರೆಂದಲ್ಲ.

2020 ಮತ್ತು 2021ರಲ್ಲಿ ಅನೇಕ ಕುಟುಂಬಗಳು ತಮ್ಮವರ ಮುಖವನ್ನೂ ನೋಡದೆ, ಪಾಲಕರ ಪ್ರಾರ್ಥನೆಯೂ ಇಲ್ಲದೆ ಮಣ್ಣುಮಾಡಿದವು. ಆಮೇಲೆ ಬಾಗಿಲು ತೆರೆದ ಸಭೆಗಳು ಸಲ್ಲಿಸಿದ್ದು ಹೆಚ್ಚಾಗಿ ಕೃತಜ್ಞತಾರಾಧನೆ. ಉಳಿದವರು ಸ್ತೋತ್ರ ಸಲ್ಲಿಸುವುದು ತಪ್ಪಲ್ಲ. ಆದರೆ ಆ ಸತ್ತವರಿಗಾಗಿ ಸಭೆಯು ಒಟ್ಟಾಗಿ ಅತ್ತದ್ದು ವಿರಳ.

ಕಿಟೆಲರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತ್ರೆಯನ್ನು ಇಲ್ಲಿಯ ಛಂದಸ್ಸಿಗೆ ತಂದರು. ಪ್ರಲಾಪಕ್ಕೂ ಅಂಥದೊಂದು ಪ್ರಯತ್ನ ಏಕಾಗಬಾರದು? ಇಬ್ರಿಯ ಪಾಠವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಮೊದಲ ಅಧ್ಯಾಯವನ್ನಾದರೂ ಕನ್ನಡದ ಅಕ್ಷರಕ್ರಮದಲ್ಲಿ ಹೊಸೆದು ನೋಡಬಹುದು. ಙ, ಞಗಳಲ್ಲಿ ಸಿಕ್ಕಿಬೀಳುವುದು ಖಂಡಿತ. ಅಲ್ಲಿ ಸುಮ್ಮನೆ ಅಕ್ಷರವನ್ನಷ್ಟೇ ಹಾಡಿ ಮುಂದೆ ಹೋಗಲಿ. ಟ್ಯಾಲಿಸನ ಮೇಲ್ಪಂಕ್ತಿ ಇದ್ದೇ ಇದೆ.

ಕೊನೆಯ ವಚನದ ಪ್ರಶ್ನೆ ಉಳಿಯುತ್ತದೆ. 5:22 ದೇವರು ತಮ್ಮನ್ನು ಪೂರ್ತಿಯಾಗಿ ತಳ್ಳಿಬಿಟ್ಟನೋ ಎಂಬಲ್ಲಿ ನಿಲ್ಲುತ್ತದೆ. ಸಿನಗಾಗಿನಲ್ಲಿ ಅದನ್ನು ಓದಿದ ಮೇಲೆ 21ನೆಯ ವಚನವನ್ನು, ತಮ್ಮನ್ನು ತಿರುಗಿ ಸೇರಿಸಿಕೋ ಎಂಬ ಬೇಡಿಕೆಯನ್ನು, ಮತ್ತೆ ಹೇಳುವ ರೂಢಿಯಿದೆ. ಇದನ್ನು ತಪ್ಪಿಸಿಕೊಳ್ಳುವ ಉಪಾಯವೆನ್ನುವವರೂ ಇರಬಹುದು. ಆದರೆ ಅಲ್ಲಿ 22ನ್ನು ಬಿಟ್ಟು ಓದುವುದಿಲ್ಲ. ಅದನ್ನು ಗಟ್ಟಿಯಾಗಿ ಓದಿ, ಕೇಳಿಸಿಕೊಂಡು, ಅನಂತರವೇ ಬೇಡಿಕೆಗೆ ಹಿಂದಿರುಗುತ್ತಾರೆ.